ಬಣ್ಣ ಬಿಟ್ಟ ಪುಟ, ಬಾಯಿ ಬಿಡದ ಬ್ರೌಸರ್

‘ಟೆಂಪ್ಲೇಟ್ ಬದಲಿಸಿದ ಮೇಲೆ ನಮ್ಮ ಜಾಲತಾಣದ ಅರ್ಧ ಪುಟ ಬಣ್ಣವಿಲ್ಲದೆ ಬೋಳಾಗಿದೆ. ತಪ್ಪೆಲ್ಲಿದೆ ಎಂದು ಬ್ರೌಸರ್ ಯಾಕೆ ಹೇಳುವುದಿಲ್ಲ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಬ್ರೌಸರ್ ಲೆಕ್ಕದಲ್ಲಿ ತಪ್ಪೇ ನಡೆದಿಲ್ಲ!

ಪುಟದ ಪಠ್ಯವನ್ನೂ ಸ್ಟೈಲ್‌ಶೀಟಿನ ಅಲಂಕಾರವನ್ನೂ ಜೋಡಿಸುವುದು ‘ಕ್ಲಾಸ್’ ಹೆಸರು. ಟೆಂಪ್ಲೇಟಿನಲ್ಲಿ ‘ಸೈಡ್‌ಬಾರ್’ ಎಂದು ಕೂಡಿಸಿ ಬರೆದು, ಸ್ಟೈಲ್‌ಶೀಟಿನಲ್ಲಿ ನಡುವೆ ಅಡ್ಡಗೆರೆ ಹಾಕಿದರೆ ಅವು ಬೇರೆ ಬೇರೆ ಹೆಸರು. ಪಹಣಿಯಲ್ಲಿ ‘ಸಿದ್ದಪ್ಪ’, ಆಧಾರ್‌ನಲ್ಲಿ ‘ಸಿದ್ಧಪ್ಪ’ ಎಂದಿದ್ದರೆ ಬರಬೇಕಾದ ಹಣ ನಿಂತುಹೋಗುತ್ತದಲ್ಲ, ಹಾಗೆ. ಇಬ್ಬರೂ ಒಬ್ಬರೇ ಎಂದು ಊರಿಗೆ ಗೊತ್ತು. ಕಂಪ್ಯೂಟರಿಗೆ ಅಕ್ಷರವಷ್ಟೇ ಗೊತ್ತು. ಕಚೇರಿಯಲ್ಲಾದರೆ ‘ಹೆಸರು ತಾಳೆಯಾಗುತ್ತಿಲ್ಲ’ ಎಂದಾದರೂ ಹೇಳುತ್ತಾರೆ. ಬ್ರೌಸರ್ ಅಷ್ಟನ್ನೂ ಹೇಳುವುದಿಲ್ಲ.

ಕಾರಣವಿದೆ. ಹೋಕನ್ ವಿಯುಮ್ ಲೀ 1994ರ ಅಕ್ಟೋಬರ್‌ನಲ್ಲಿ, ಸರ್ನ್ ಸಂಸ್ಥೆಯಲ್ಲಿದ್ದಾಗ, ಸ್ಟೈಲ್‌ಶೀಟ್ ಬರೆಯುವ ಭಾಷೆಯಾದ ಸಿಎಸ್‌ಎಸ್ ಪ್ರಸ್ತಾವ ಮುಂದಿಟ್ಟರು. ಬರ್ಟ್ ಬೋಸ್ ಜೊತೆಗೂಡಿ ರೂಪಿಸಿದ ಮೊದಲ ಆವೃತ್ತಿ 1996ರ ಡಿಸೆಂಬರ್‌ನಲ್ಲಿ ಹೊರಬಂತು. ಇಡೀ ತಾಣಕ್ಕೆ ಒಂದೇ ಸ್ಟೈಲ್‌ಶೀಟ್ ಸಾಕು ಎಂಬುದು ಅದರ ಹೆಚ್ಚುಗಾರಿಕೆ. ಹಾಗಾಗಿ ಅದರಲ್ಲಿನ ಎಷ್ಟೋ ನಿಯಮಗಳಿಗೆ ನೀವು ತೆರೆದ ಪುಟದಲ್ಲಿ ಕೆಲಸವಿರುವುದಿಲ್ಲ. ಅದಕ್ಕೆಲ್ಲ ದೂರು ಹೇಳುತ್ತ ಕೂತರೆ ಮುಗಿಯುವುದುಂಟೇ?

ಇನ್ನೊಂದು ಕಿತಾಪತಿ ಡಾಕ್‌ಟೈಪ್‌ನದು. ಪುಟದ ನೆತ್ತಿಯಲ್ಲಿ ಆ ಸಾಲು ಇಲ್ಲದಿದ್ದರೆ ಬ್ರೌಸರ್ ಹಳೇ ಕಾಲದ ರೂಢಿಗೆ ಇಳಿದು, ಕ್ಲಾಸ್ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳನ್ನು ಒಂದೇ ಎಂದು ಭಾವಿಸುತ್ತದೆ. ಆ ಸಾಲು ಸರಿಯಾಗಿ ಸೇರಿಸಿದ ಕೂಡಲೇ ಎರಡೂ ಬೇರೆಯಾಗುತ್ತವೆ. ಪುಟವನ್ನು ರಿಪೇರಿ ಮಾಡಿದ್ದಕ್ಕೇ ಅದರ ಅಂದ ಕೆಡುತ್ತದೆ!

ಹಾಗೆಂದು ಎಲ್ಲ ಕಡೆ ಗೊಂದಲವೇ ಇತ್ತೆಂದಲ್ಲ. ಗೂಗಲ್‌ನಲ್ಲಿದ್ದ ಇಯಾನ್ ಹಿಕ್ಸನ್ 2005ರಲ್ಲಿ ನೂರು ಕೋಟಿಗೂ ಮಿಕ್ಕ ಪುಟಗಳನ್ನು ಜಾಲಾಡಿ, ಜನ ಬಳಸುವ ಕ್ಲಾಸ್ ಹೆಸರುಗಳನ್ನು ಎಣಿಸಿದರು. ‘ಫುಟರ್’, ‘ಮೆನು’, ‘ಹೆಡರ್’, ‘ನ್ಯಾವ್’ ಮುಂಚೂಣಿಯಲ್ಲಿದ್ದವು. ವರ್ಡ್ ತಂತ್ರಾಂಶ ತಾನಾಗಿ ತುರುಕುವ ‘ಎಂಎಸ್‌ಒನಾರ್ಮಲ್’ ಕೂಡ ಪಟ್ಟಿಯಲ್ಲಿತ್ತು. ಯಾರೂ ಕಟ್ಟಪ್ಪಣೆ ಮಾಡದೆ ಜನ ಅವೇ ಹೆಸರುಗಳಿಗೆ ಬಂದು ನಿಂತಿದ್ದರು. ಹೆಡರ್, ಫುಟರ್, ನ್ಯಾವ್ ಮುಂದೆ ಎಚ್‌ಟಿಎಂಎಲ್5ರಲ್ಲಿ ಸ್ವತಂತ್ರ ಟ್ಯಾಗ್‌ಗಳೇ ಆದವು.

ಆಮೇಲೆ ನಾಮಕರಣದ ಪಂಥಗಳು ಹುಟ್ಟಿಕೊಂಡವು. ರಷ್ಯಾದ ಯಾಂಡೆಕ್ಸ್‌ನಿಂದ ಬಂದ ‘ಬೆಮ್’ ಪದ್ಧತಿ ಅವುಗಳಲ್ಲಿ ಹೆಸರುವಾಸಿ. ಒಂದೊಂದು ಪಂಥದವರೂ ತಮ್ಮದೇ ರಾಮಬಾಣ ಎನ್ನುತ್ತಾರೆ. ಅಷ್ಟೆಲ್ಲ ನಂಬಬೇಕಿಲ್ಲ. ಯಾವುದನ್ನಾದರೂ ಆರಿಸಿ, ಆದರೆ ಒಂದನ್ನೇ ಪಾಲಿಸಿ. ಹೆಸರು ಕೆಲಸ ಹೇಳಲಿ, ಬಣ್ಣ ಹೇಳುವುದು ಬೇಡ. ‘ಕೆಂಪುಪಟ್ಟಿ’ ನಾಳೆ ನೀಲಿಯಾದೀತು. ಹೊಸ ಟೆಂಪ್ಲೇಟ್ ಹಾಕುವ ಮುನ್ನ ಅದರಲ್ಲೂ ಸ್ಟೈಲ್‌ಶೀಟಿನಲ್ಲೂ ಇರುವ ಕ್ಲಾಸ್ ಹೆಸರುಗಳನ್ನು ಅಕ್ಷರ ಬಿಡದೆ ತಾಳೆ ನೋಡಿ.