ಕೂಸ್‌ಕೂಸ್: ಕುದಿಸಬೇಡಿ, ನೆನೆಸಿ!

ಗಲ್ಫ್‌ನಿಂದ ಊರಿಗೆ ಬಂದವರ ಪೆಟ್ಟಿಗೆಯಲ್ಲಿ ಖರ್ಜೂರ, ಹಾಲಿನ ಪುಡಿಗಳ ಜೊತೆ ಒಮ್ಮೊಮ್ಮೆ ಕೂಸ್‌ಕೂಸ್‌ನ ಪೊಟ್ಟಣವೂ ಇರುತ್ತದೆ. ಈಗ ನಮ್ಮ ಪೇಟೆಯ ದೊಡ್ಡ ಅಂಗಡಿಗಳಲ್ಲೂ ಅದು ಸಿಗುತ್ತದೆ. ಹೆಸರು ಕೇಳಿ ಖಸ್‌ಖಸ್, ಅಂದರೆ ಗಸಗಸೆ ಎಂದುಕೊಳ್ಳಬೇಡಿ. ನೋಡಲು ನವಣೆಯಂತಿದೆ ಎಂದು ಸಿರಿಧಾನ್ಯದ ಸಾಲಿಗೂ ಸೇರಿಸಬೇಡಿ. ಅದು ಗೋಧಿ. ಡ್ಯೂರಮ್ ಎಂಬ ಗಟ್ಟಿ ಗೋಧಿಯ ರವೆಗೆ ನೀರು ಚಿಮುಕಿಸಿ, ಅಂಗೈಯಲ್ಲಿ ಉಜ್ಜಿ ಉಜ್ಜಿ ಮಾಡಿದ ಪುಟ್ಟ ಕಾಳುಗಳು.

ಇದರ ತವರು ಮೊರೊಕ್ಕೊ, ಅಲ್ಜೀರಿಯಾ, ಟ್ಯುನೀಶಿಯಾಗಳಿರುವ ಉತ್ತರ ಆಫ್ರಿಕ. ಶುಕ್ರವಾರ ಜುಮಾ ನಮಾಝ್ ಮುಗಿಸಿ ಬಂದ ಮೇಲೆ ದೊಡ್ಡ ತಟ್ಟೆಯ ಸುತ್ತ ಮನೆಮಂದಿಯೆಲ್ಲ ಕೂತು ಕೂಸ್‌ಕೂಸ್ ಉಣ್ಣುವುದು ಮೊರೊಕ್ಕೊದ ವಾಡಿಕೆ. ಈ ಮೂರು ದೇಶಗಳು ಮತ್ತು ಮಾರಿಟಾನಿಯಾ ಒಟ್ಟಾಗಿ ಕೇಳಿಕೊಂಡ ಮೇರೆಗೆ 2020ರಲ್ಲಿ ಯುನೆಸ್ಕೊ ಇದರ ತಯಾರಿಯ ಅರಿವನ್ನು ಮಾನವ ಪರಂಪರೆಯ ಪಟ್ಟಿಗೆ ಸೇರಿಸಿತು. 14ನೇ ಶತಮಾನದಲ್ಲಿ ನಮ್ಮ ಹೊನ್ನಾವರ, ಮಂಗಳೂರುಗಳನ್ನು ಕಂಡು ಹೋದ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ ಮುಂದೆ ಮಾಲಿಗೆ ಹೋದಾಗ, ಅಲ್ಲಿ ಸಾಸಿವೆಯಷ್ಟು ಸಣ್ಣ ಧಾನ್ಯದಿಂದಲೂ ಕೂಸ್‌ಕೂಸ್ ಮಾಡುತ್ತಾರೆಂದು ಬರೆದಿದ್ದಾರೆ.

ಅಲ್ಲಿನ ಹೆಂಗಸರು ಅದನ್ನು ಬೇಯಿಸುವ ಕ್ರಮ ನಮಗೆ ಹೊಸದೇನಲ್ಲ. ಪುಟ್ಟು ಬೇಯಿಸುವ ಪಾತ್ರೆಯನ್ನು ನೆನಪಿಸಿಕೊಳ್ಳಿ. ಕೆಳಗಿನ ಪಾತ್ರೆಯಲ್ಲಿ ಬರಿ ನೀರಿನ ಬದಲು ಮಾಂಸ, ತರಕಾರಿಗಳ ಸಾರು ಕುದಿಯುತ್ತಿರುತ್ತದೆ. ಮೇಲಿನ ತೂತು ಪಾತ್ರೆಯಲ್ಲಿ ಕೂಸ್‌ಕೂಸ್ ಅದರ ಹಬೆಯಲ್ಲೇ ಬೇಯುತ್ತದೆ. ನಡುವೆ ಕೆಳಗಿಳಿಸಿ, ನೀರು ಚಿಮುಕಿಸಿ, ಎಣ್ಣೆ ಅಥವಾ ಬೆಣ್ಣೆ ಸವರಿ, ಗಂಟು ಬಿಡಿಸಿ, ಮತ್ತೆ ಹಬೆಗೆ ಇಡುತ್ತಾರೆ. ಹೀಗೆ ಎರಡು ಮೂರು ಸಲ. ಎಸರಿಗೆ ಸುರಿದು ಕುದಿಸುವ ಮಾತೇ ಇಲ್ಲ.

ನಿಮ್ಮ ಕೈಗೆ ಬರುವ ಪೊಟ್ಟಣದಲ್ಲಿರುವುದು ಸಾಮಾನ್ಯವಾಗಿ ಕಾರ್ಖಾನೆಯಲ್ಲೇ ಹಬೆಯಲ್ಲಿ ಬೆಂದು ಒಣಗಿದ ಕೂಸ್‌ಕೂಸ್. ಬೆಂದದ್ದನ್ನು ಉಪ್ಪಿಟ್ಟಿನಂತೆ ಒಲೆಯ ಮೇಲೆ ಕುದಿಸಿದರೆ ಏನಾದೀತು? ಅಂಟಂಟು ಮುದ್ದೆ! ಆದ್ದರಿಂದ ಹೀಗೆ ಮಾಡಿ: ಒಂದು ಲೋಟ ಕೂಸ್‌ಕೂಸ್‌ಗೆ ಒಂದು ಚಮಚ ಎಣ್ಣೆ, ಚಿಟಿಕೆ ಉಪ್ಪು ಹಾಕಿ ಕೈಯಲ್ಲಿ ಸವರಿ. ಅದೇ ಅಳತೆಯ ಒಂದು ಲೋಟ ಕುದಿಯುವ ನೀರು ಸುರಿದು ಬಿಗಿಯಾಗಿ ಮುಚ್ಚಿಡಿ. 5 ನಿಮಿಷ ಮುಚ್ಚಳ ತೆರೆಯಬೇಡಿ. ಆಮೇಲೆ ಫೋರ್ಕ್‌ನಿಂದ ಹಗುರವಾಗಿ ಕೆದಕಿ ಕಾಳು ಬಿಡಿಸಿ. ನೀರಿನ ಬದಲು ಕೋಳಿಯ ಬಿಸಿ ಸೂಪ್ ಹಾಕಿದರೆ ರುಚಿ ಇನ್ನೂ ಹೆಚ್ಚು. ಕರಿಮೆಣಸಿನ ಗಾತ್ರದ ದೊಡ್ಡ ಕಾಳಿನ ಬಗೆಯೊಂದಿದೆ. ಅದನ್ನು ಮಾತ್ರ ಬೇಯಿಸಲೇಬೇಕು.

ಇನ್ನು ಜೊತೆಗೆ ಏನು? ಕುರಿ ಅಥವಾ ಕೋಳಿ ಮಾಂಸ, ನೆನೆಸಿದ ಬಿಳಿ ಕಡಲೆ, ಕ್ಯಾರೆಟ್, ಸಿಹಿ ಕುಂಬಳ, ಎಲೆಕೋಸು. ಶುಂಠಿ, ಕರಿಮೆಣಸು, ಅರಿಶಿನ, ಚೂರು ದಾಲ್ಚಿನ್ನಿ. ಮೊರೊಕ್ಕೊದಲ್ಲಿ ಏಳು ತರಕಾರಿಗಳ ಕೂಸ್‌ಕೂಸ್ ಹೆಸರುವಾಸಿ. ಟ್ಯುನೀಶಿಯಾದವರು ಮೀನಿನ ಜೊತೆಗೂ ಮಾಡುತ್ತಾರೆ, ಖಾರವೂ ಜೋರು. ತೆಂಗಿನಕಾಯಿ ಅರೆದ ನಮ್ಮ ದಪ್ಪ ಗಸಿ ಇದಕ್ಕೆ ಅಷ್ಟು ಹೊಂದುವುದಿಲ್ಲ ಎಂದು ನನಗನಿಸುತ್ತದೆ. ಸಾರು ತೆಳುವಾಗಿದ್ದರೇ ಕಾಳು ಅದನ್ನು ಹೀರಿಕೊಳ್ಳುವುದು.

ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಇದನ್ನು ಔಷಧಿಯಂತೆ ಬಡಿಸಬೇಡಿ. ರವೆಯ ಉಪ್ಪಿಟ್ಟಿಗೆ ಇಡುವ ಲೆಕ್ಕವನ್ನೇ ಇದಕ್ಕೂ ಇಡಿ. ಇಡೀ ಗೋಧಿಯದ್ದು ಸಿಕ್ಕರೆ ನಾರಿನಂಶ ಹೆಚ್ಚಿರುತ್ತದೆ. ಗೋಧಿಯ ಗ್ಲುಟೆನ್ ಒಗ್ಗದವರು ಮುಟ್ಟಲೇಬಾರದು. ಬೆಲೆ ರವೆಗಿಂತ ಹೆಚ್ಚಾದ್ದರಿಂದ ದಿನನಿತ್ಯಕ್ಕೆ ಇದು ಬೇಕೆಂದೂ ಇಲ್ಲ. ಆದರೆ ಗ್ಯಾಸ್ ಮುಗಿಯುತ್ತಾ ಬಂದಾಗ, ಹೊತ್ತಲ್ಲದ ಹೊತ್ತಿನಲ್ಲಿ ನೆಂಟರು ಬಂದಾಗ ಒಂದು ಪೊಟ್ಟಣವಿದ್ದರೆ ಧೈರ್ಯ. ಮಳೆಗಾಲದಲ್ಲಿ ತೇವ ತಾಗದಂತೆ ಗಾಳಿಯಾಡದ ಡಬ್ಬಿಯಲ್ಲಿಡಿ.

ರಮಝಾನ್‌ನ ಸಹ್ರಿಗೆ ಅಲ್ಜೀರಿಯಾ, ಟ್ಯುನೀಶಿಯಾಗಳಲ್ಲಿ ಮಸ್ಫೂಫ್ ಎಂಬ ಸಿಹಿ ಕೂಸ್‌ಕೂಸ್ ಮಾಡುತ್ತಾರೆ. ಬಿಡಿಸಿದ ಕಾಳಿಗೆ ಬೆಣ್ಣೆ, ಒಣದ್ರಾಕ್ಷಿ, ಸಕ್ಕರೆ ಬೆರೆಸಿದರೆ ಮುಗಿಯಿತು. ಸಕ್ಕರೆ ಬೇಡವೆಂದಾದರೆ ಖರ್ಜೂರವನ್ನು ಹೆಚ್ಚಿ ಹಾಕಿ. ಪಕ್ಕದಲ್ಲಿ ಒಂದು ಲೋಟ ಮಜ್ಜಿಗೆ ಇರಲಿ. ಅಲಾರಂ ಕೇಳದೆ ತಡವಾಗಿ ಎದ್ದ ದಿನವೂ ಇದಕ್ಕೆ ಸಮಯ ಸಾಕು.