ಬೀಜಕ್ಕೊಂದು ಚೀಟಿ, ಕೋಡ್‌ಗೊಂದು ಕಾಮೆಂಟ್

ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ಟೊಮೆಟೊ ಬೀಜ ನಿಮ್ಮ ಕೈಲಿದೆ. ಆದ್ರೆ ಮಳೆಗೆ ನೆನೆದು ಪ್ಯಾಕೆಟ್ ಮೇಲಿನ ಬರಹ ಅಳಿಸಿಹೋಗಿದೆ. ಈಗ ಯಾವ ಧೈರ್ಯದ ಮೇಲೆ ಬಿತ್ತುತ್ತೀರಿ?

ವಿವರಣೆ ಇಲ್ಲದ ಓಪನ್ ಸೋರ್ಸ್ ಲೈಬ್ರರಿಯೂ ಹಾಗೇ. ಕೋಡ್ ಎಲ್ಲರ ಕೈಗೆ ಸಿಗುತ್ತೆ, ಬಳಸೋದು ಹೇಗೆ ಅನ್ನೋದು ಮಾತ್ರ ಬರೆದವರಿಗೇ ಗೊತ್ತು.

ನಮ್ಮ ಕನ್ನಡದ್ದೇ ಒಂದು ಲೈಬ್ರರಿ ಇದೆ: ಕೆಎನ್‌ಫೋನ್. ಕನ್ನಡ ಪದಗಳನ್ನ ಉಚ್ಚಾರಣೆ ಹಿಡಿದು ಹೊಂದಿಸುತ್ತೆ. ಕೈಲಾಶ್ ನಾಧ್ ಅವರು ಬರೆದದ್ದು, ಗೋ ಭಾಷೆಯಲ್ಲಿ. ಈ ಗೋ ಭಾಷೆಯ ಸೊಗಸು ಏನಂದ್ರೆ, ಕಾಮೆಂಟ್‌ಗಳಿಂದಲೇ ಡಾಕ್ಯುಮೆಂಟೇಶನ್ ಪುಟ ತಾನಾಗೇ ತಯಾರಾಗುತ್ತೆ. ನಾಲ್ಕೇ ಹೆಜ್ಜೆ.

ಒಂದು: ಫಂಕ್ಷನ್‌ನ ತಲೆ ಮೇಲೇ ಕಾಮೆಂಟ್ ಬರೀರಿ. ಮಧ್ಯೆ ಖಾಲಿ ಸಾಲು ಬಿಟ್ರೆ ಅದು ಲೆಕ್ಕಕ್ಕಿಲ್ಲ.

ಎರಡು: ಟೆಸ್ಟ್ ಫೈಲ್‌ನಲ್ಲಿ ಒಂದು ಉದಾಹರಣೆ, ಅದರ ಔಟ್‌ಪುಟ್ ಸಮೇತ ಇಡಿ. ‘ಗೋ ಟೆಸ್ಟ್’ ಓಡಿಸಿದಾಗಲೆಲ್ಲ ತಾಳೆ ನೋಡುತ್ತೆ. ಕೋಡ್ ಬದಲಾಗಿ ಉದಾಹರಣೆ ಹಳಸಿದ್ರೆ, ಟೆಸ್ಟ್ ಫೇಲ್!

ಮೂರು: ಲೈಸೆನ್ಸ್ ಫೈಲ್ ಮರೀಬೇಡಿ. ಮರುಹಂಚಿಕೆಗೆ ಒಪ್ಪೋ ಲೈಸೆನ್ಸ್ ಕಾಣದಿದ್ರೆ ಗೋ ಪ್ಯಾಕೇಜ್ ತಾಣ ನಿಮ್ಮ ವಿವರಣೆಯನ್ನ ತೋರಿಸೋದೇ ಇಲ್ಲ.

ನಾಲ್ಕು: ಗಿಟ್‌ಹಬ್‌ಗೆ ಹಾಕಿ, ‘ವಿ1.0.0’ ಅಂತ ಟ್ಯಾಗ್ ಕೊಡಿ. ಆ ಆವೃತ್ತಿಯನ್ನ ‘ಗೋ ಗೆಟ್’ ಮಾಡಿ. ಸ್ವಲ್ಪ ಹೊತ್ತಿಗೆ ಗೋ ಪ್ಯಾಕೇಜ್ ತಾಣದಲ್ಲಿ ಪುಟ ಸಿದ್ಧ. ಮುಂದಿನ ಆವೃತ್ತಿಗೂ ಇದೇ ದಾರಿ, ಬೇರೆ ಸರ್ವರ್ ಬೇಡ.

ಒಂದು ಮಾತು ನೆನಪಿರಲಿ. ಪುಟ ಕಟ್ಟೋದು ಯಂತ್ರ, ಅರ್ಥ ತುಂಬೋದು ನೀವು. ಕಾಮೆಂಟ್ ಖಾಲಿ ಇದ್ರೆ ಪುಟದಲ್ಲಿ ಫಂಕ್ಷನ್ ಹೆಸರಿರುತ್ತೆ, ವಿವರಣೆ ಖಾಲಿ.

ಇವತ್ತೇ ನಿಮ್ಮ ಒಂದು ಫಂಕ್ಷನ್‌ಗೆ ಎರಡು ಸಾಲು ಬರೆದುಬಿಡಿ.