ಮಕ್ಕಳಿಗೆ ನಾವಿಡುವ ಎರಡನೆಯ ಹೆಸರು

ಮಗು ಹುಟ್ಟಿದಾಗ ಮನೆಯ ಹಿರಿಯರೆಲ್ಲ ಕೂಡಿ, ಗುರುಗಳ ಆಶೀರ್ವಾದ ಪಡೆದು ಒಂದು ಹೆಸರನ್ನಿಡುತ್ತೇವೆ. ಅನಂತರ ಯೋಚಿಸದೆಯೇ ಇನ್ನೊಂದು ಹೆಸರನ್ನೂ ಇಡುತ್ತೇವೆ: ದಡ್ಡ, ಸೋಮಾರಿ, ಮೊದ್ದು, ಅಳುಬುರುಕಿ. ಮೊದಲನೆಯದು ಶಾಲೆಯ ಹಾಜರಿ ಪುಸ್ತಕದಲ್ಲಿರುತ್ತದೆ. ಎರಡನೆಯದು ಮಗುವಿನ ಮನಸ್ಸಿನಲ್ಲಿ ನಿಲ್ಲುತ್ತದೆ.

ಮೈಸೂರಿನ ಮಂಡಿ ಮೊಹಲ್ಲಾದಂತಹ ವ್ಯಾಪಾರದ ಕೇರಿಗಳಲ್ಲಿ ಮನೆಗೂ ಅಂಗಡಿಗೂ ಅಂತರ ಕಡಿಮೆ. ಶಾಲೆ ಬಿಟ್ಟ ಮಗು ತಂದೆಯ ಅಂಗಡಿಗೆ ಬಂದು ಚಿಲ್ಲರೆ ಎಣಿಸುತ್ತದೆ, ಚೀಟಿಯ ಲೆಕ್ಕ ಕೂಡಿಸುತ್ತದೆ. ಲೆಕ್ಕ ತಪ್ಪಿದಾಗ ಗಿರಾಕಿಗಳ ಎದುರಿನಲ್ಲಿಯೇ, "ನಿನ್ನ ತಲೇಲಿ ಏನು ತುಂಬಿದೆಯೋ? ನಿಮ್ಮಕ್ಕನ್ನ ನೋಡಿ ಕಲಿ" ಎಂಬ ಮಾತು ಬರುತ್ತದೆ. ಅದು ಗಡಿಬಿಡಿಯಲ್ಲಿ ಆಡಿದ ಮಾತು. ರಾತ್ರಿ ಊಟದ ಹೊತ್ತಿಗೆ ತಂದೆ ಅದನ್ನು ಮರೆತಿರುತ್ತಾರೆ. ಮಗು ಮರೆಯುವುದಿಲ್ಲ. ಮರುದಿನ ಅದು ಗಲ್ಲಾಪೆಟ್ಟಿಗೆಯ ಬಳಿಗೇ ಬರುವುದಿಲ್ಲ.

ಎಳೆಯ ಮಕ್ಕಳು ತಾವು ಮಾಡಿದ ಕೆಲಸವನ್ನೂ ತಮ್ಮನ್ನೂ ಬೇರೆಯಾಗಿ ಕಾಣಲಾರರು. "ಈ ಮೊತ್ತ ತಪ್ಪಿದೆ, ಇನ್ನೊಮ್ಮೆ ಕೂಡಿಸು" ಎಂದರೆ ತಪ್ಪು ಚೀಟಿಯಲ್ಲಿರುತ್ತದೆ. "ನೀನು ದಡ್ಡ" ಎಂದರೆ ಮಗು ತಾನೇ ತಪ್ಪೆಂದು ನಂಬುತ್ತದೆ. ಚೀಟಿಯನ್ನು ತಿದ್ದಬಹುದು, ಹಾಗೆ ನಂಬಿದ ಮಗು ತಿದ್ದಿಕೊಳ್ಳುವುದಾದರೂ ಏನನ್ನು?

ಹೊಗಳಿಕೆಯಲ್ಲಿಯೂ ಎಚ್ಚರ ಬೇಕು. ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ಐದನೆಯ ತರಗತಿಯ ಮಕ್ಕಳ ಬಗೆಗಿನ ಅಧ್ಯಯನವನ್ನು 1998ರಲ್ಲಿ ಪ್ರಕಟಿಸಿದರು. "ನೀನು ಬುದ್ಧಿವಂತ" ಎನ್ನಿಸಿಕೊಂಡ ಮಕ್ಕಳು ಮುಂದೆ ಸೋಲು ಎದುರಾದಾಗ ಬೇಗ ಕುಗ್ಗಿದರು. "ಚೆನ್ನಾಗಿ ಶ್ರಮಪಟ್ಟೆ" ಎನ್ನಿಸಿಕೊಂಡವರು ಪ್ರಯತ್ನವನ್ನು ಬಿಡಲಿಲ್ಲ. ಕಾಯಕವನ್ನೇ ಗೌರವಿಸುವ ಪರಂಪರೆಯ ನಮಗೆ ಇದು ಹೊಸ ಮಾತಲ್ಲ.

ತೊದಲುವ ಮಕ್ಕಳ ವಿಷಯದಲ್ಲಂತೂ ನಮ್ಮ ನಾಲಿಗೆ ಇನ್ನಷ್ಟು ಹಿಡಿತದಲ್ಲಿರಬೇಕು. ಎರಡರಿಂದ ಐದು ವರ್ಷದ ನಡುವೆ ಕೆಲವು ಮಕ್ಕಳು ಮಾತಿನಲ್ಲಿ ತಡವರಿಸುವುದುಂಟು. ಬಹುಪಾಲು ಮಕ್ಕಳಲ್ಲಿ ಅದು ತಾನಾಗಿಯೇ ಸರಿಹೋಗುತ್ತದೆ. ಅವರನ್ನು ಅಣಕಿಸುವುದು, ಅವರ ವಾಕ್ಯವನ್ನು ನಾವೇ ಮುಗಿಸುವುದು ಸಲ್ಲದು, ಕಾದು ಕೇಳಬೇಕು. ತೊದಲು ತಿಂಗಳುಗಟ್ಟಲೆ ಮುಂದುವರಿದರೆ, 1965ರಲ್ಲಿ ಸ್ಥಾಪನೆಯಾದ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತಜ್ಞರ ನೆರವು ಪಡೆಯಬಹುದು.

ಹಾಗೆಂದು ಮಕ್ಕಳನ್ನು ತಿದ್ದಲೇಬಾರದೆಂದಲ್ಲ. ತಪ್ಪನ್ನು ತಪ್ಪೆಂದೇ ಹೇಳೋಣ. ಆದರೆ ನಾಲ್ಕು ಜನರ ಮುಂದೆ ಬೇಡ, ಅಣ್ಣನೊಂದಿಗೋ ಪಕ್ಕದ ಮನೆಯ ಮಗುವಿನೊಂದಿಗೋ ಹೋಲಿಸಿ ಬೇಡ. ಮಾತು ಮೀರಿದ ದಿನ, ಮಲಗುವ ಮುನ್ನ ಮಗುವನ್ನು ಹತ್ತಿರ ಕೂರಿಸಿಕೊಂಡು, "ನಾನು ಹಾಗೆ ಅನ್ನಬಾರದಿತ್ತು ಕಂದಾ" ಎನ್ನೋಣ. ಇದರಿಂದ ಹಿರಿತನಕ್ಕೆ ಕುಂದಿಲ್ಲ. ತಪ್ಪಾದಾಗ ತಿದ್ದಿಕೊಳ್ಳುವುದು ಹೇಗೆಂದು ಮಗು ನಮ್ಮನ್ನು ನೋಡಿಯೇ ಕಲಿಯುತ್ತದೆ. ಮಗು ವಾರಗಟ್ಟಲೆ ಮಂಕಾಗಿದ್ದರೆ, ಶಾಲೆಗೆ ಹೋಗಲು ಅಂಜಿದರೆ, "ನನ್ನ ಕೈಲಿ ಏನೂ ಆಗಲ್ಲ" ಎಂದು ಮತ್ತೆ ಮತ್ತೆ ಹೇಳಿದರೆ ಅಲಕ್ಷಿಸದೆ ವೈದ್ಯರನ್ನು ಕಾಣಬೇಕು. 14416 ಸಂಖ್ಯೆಯ 'ಟೆಲಿ ಮಾನಸ್' ಸಹಾಯವಾಣಿಯಲ್ಲಿ ಉಚಿತವಾಗಿ ಸಲಹೆ ದೊರೆಯುತ್ತದೆ.

ಮಗುವಿಗೆ ಲಿಂಗಧಾರಣೆ ಮಾಡಿಸುವಾಗ ಆ ಪುಟ್ಟ ದೇಹವೂ ದೇವರ ನೆಲೆಯೆಂದು ಒಪ್ಪಿ ಕೈಮುಗಿಯುತ್ತೇವೆ. ಇಷ್ಟಲಿಂಗ ಧರಿಸಿದ ಆ ಎದೆಗೆ ನಮ್ಮ ಮಾತಿನಿಂದ ಪೆಟ್ಟಾಗದಂತೆ ನೋಡಿಕೊಳ್ಳುವುದೂ ಪೂಜೆಯೇ. ಅದನ್ನು ಇಂದಿನ ಸಂಜೆಯಿಂದಲೇ ಆರಂಭಿಸೋಣ.